ಲೆಕ್ಕದಲ್ಲಿದೆ, ಗೋದಾಮಿನಲ್ಲಿಲ್ಲ

ಭಾವನ ಫೋನ್ ಬಂದಾಗ ರಾತ್ರಿ 10.15. ಆ ಹೊತ್ತಿಗೆ ಅವರು ಫೋನ್ ಮಾಡಿದರೆಂದರೆ ಒಂದೋ ಅಕ್ಕನಿಗೆ ಹುಷಾರಿಲ್ಲ, ಇಲ್ಲವೇ ಡಬ್ಬಕ್ಕೆ ಹುಷಾರಿಲ್ಲ.

"ಮಾರಾಯ, ಡಬ್ಬ ಮತ್ತೆ ತುಂಬಿದೆ. ನಿನ್ನೆ ಬೆಳಿಗ್ಗೆ 2019ನೇ ಇಸವಿದು ಪೂರ್ತಿ ತೆಗೆದು ಹಾಕ್ದೆ. ಅರವತ್ತು ಜಿಬಿ. ಇವತ್ತು ಬೆಳಿಗ್ಗೆ ನೋಡಿದ್ರೆ ಮತ್ತೆ ಫುಲ್. ಎಂತ ತಿಂತಾ ಇದೆ ಅದು?"

ಡಬ್ಬ ಎಂದರೆ ಸಾಗರದಲ್ಲಿ ಅವರ ಫೋಟೊ ಸ್ಟುಡಿಯೊದ ಹಿಂಕೋಣೆಯಲ್ಲಿ, ಹಳೆಯ ಬ್ಯಾಕ್‌ಡ್ರಾಪ್ ಪರದೆಗಳ ಪಕ್ಕ ಕೂತಿರುವ ಡೆಸ್ಕ್‌ಟಾಪು. ನಾನೇ ಉಬುಂಟು ಲಿನಕ್ಸ್ ಹಾಕಿ ಕೊಟ್ಟದ್ದು. ಒಳಗೆ 1 ಟಿಬಿಯ ಡಿಸ್ಕ್, ಹೊರಗೆ ಯುಎಸ್‌ಬಿಗೆ ಸಿಕ್ಕಿಸಿದ 4 ಟಿಬಿಯ ಬ್ಯಾಕಪ್ ಡಿಸ್ಕ್. ಮದುವೆ, ಉಪನಯನ, ಗೃಹಪ್ರವೇಶದ ಫೋಟೊಗಳು ಕ್ಯಾಮೆರಾದ ಕಾರ್ಡಿನಿಂದ ಮೊದಲು ಒಳಗಿನ ಡಿಸ್ಕಿಗೆ ಬರುತ್ತವೆ. ನಸುಕಿನ 2 ಗಂಟೆಗೆ ಒಂದು ಸ್ಕ್ರಿಪ್ಟ್ ಎದ್ದು, ಆರ್‌ಸಿಂಕ್‌ನಿಂದ ಹೊಸದನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ ಮಲಗುತ್ತದೆ. ನಾನಿರುವುದು ಬೆಂಗಳೂರಿನಲ್ಲಿ. ಡಬ್ಬಕ್ಕೆ ಏನೇ ಆದರೂ ಎಸ್‌ಎಸ್‌ಎಚ್ ಮೂಲಕ ಒಳಗೆ ಹೋಗಿ ಕಪ್ಪು ಪರದೆಯಲ್ಲಿ ನೋಡಬೇಕು.

ಕಮಾಂಡುಗಳನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರಗಳು. ಎಲ್ಲಿ ದೊಡ್ಡಕ್ಷರವೋ ಅಲ್ಲಿ ಹೇಳುತ್ತೇನೆ.

ಮೊದಲು ಡಿಎಫ್ -ಎಚ್. ಪ್ರತಿ ಫೈಲ್‌ಸಿಸ್ಟಮಿನ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿ ಲೆಕ್ಕ ಇಡುವ ವ್ಯವಸ್ಥೆ) ಅಳತೆ, ಬಳಸಿದ್ದು, ಉಳಿದದ್ದು ಒಂದೊಂದು ಸಾಲಿನಲ್ಲಿ ಬರುತ್ತವೆ. ಉಬುಂಟುವಿನಲ್ಲಿ ಟೆಂಪ್‌ಎಫ್‌ಎಸ್, ಲೂಪ್ ಎಂದು ಬೇಡದ ಸಾಲುಗಳೇ ಹೆಚ್ಚು. ಅವುಗಳನ್ನು ದಾಟಿ ಬೇಕಾದ ಎರಡು ಸಾಲು ಹುಡುಕಿದೆ. ಒಳಗಿನ ಡಿಸ್ಕ್: ಅಳತೆ 916 ಜಿ, ಬಳಸಿದ್ದು 870 ಜಿ, ಉಳಿದದ್ದು 0, ಶೇ. 100. ಹೊರಗಿನ ಡಿಸ್ಕ್: ಅಳತೆ 3.6 ಟಿ, ಬಳಸಿದ್ದು 1.6 ಟಿ, ಉಳಿದದ್ದು 1.9 ಟಿ.

4 ಟಿಬಿಯ ಡಿಸ್ಕು 3.6 ಎಂದು ತೋರಿಸುವುದರ ಬಗ್ಗೆ ಭಾವ ಅಂಗಡಿಯವನ ಜತೆ ಹಿಂದೆ ಜಗಳ ಆಡಿದ್ದರು. ತೂಕದಲ್ಲಿ ಹೊಡೆದಿದ್ದಾನೆ ಎಂದೇ ಅವರ ನಂಬಿಕೆ. ಡಿಸ್ಕ್ ಮಾಡುವವರು ಸಾವಿರದ ಲೆಕ್ಕದಲ್ಲಿ ಟಿಬಿ ಎಣಿಸುತ್ತಾರೆ, ಡಿಎಫ್ -ಎಚ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಅದೇ ಎಚ್ ಅನ್ನು ದೊಡ್ಡಕ್ಷರದಲ್ಲಿ ಕೊಟ್ಟರೆ ಅಂಗಡಿಯವನ ಲೆಕ್ಕಕ್ಕೆ ಬರುತ್ತದೆ. ಅಂಗಡಿಯವನು ಹೊಡೆದಿರಲಿಲ್ಲ. ಅದನ್ನು ಭಾವನಿಗೆ ಒಪ್ಪಿಸಲು ನನಗೆ ಇವತ್ತಿಗೂ ಆಗಿಲ್ಲ.

ಆ ರಾತ್ರಿ ಕಣ್ಣಿಗೆ ಬಿದ್ದದ್ದು ಬೇರೆ. 916ರಲ್ಲಿ 870 ಕಳೆದರೆ 46 ಉಳಿಯಬೇಕು, ಡಿಎಫ್ 0 ಎನ್ನುತ್ತಿದೆ. ಈ 46ರ ಗುಟ್ಟು ನನಗೆ ಗೊತ್ತಿತ್ತು. ಇಎಕ್ಸ್‌ಟಿ4 ಫೈಲ್‌ಸಿಸ್ಟಮನ್ನು ಮಾಡುವಾಗ, ಬೇರೆ ಏನೂ ಹೇಳದಿದ್ದರೆ, ನೂರಕ್ಕೆ 5 ಭಾಗವನ್ನು ಯಂತ್ರದ ಯಜಮಾನನಾದ ರೂಟ್ ಎಂಬ ಬಳಕೆದಾರನಿಗೆಂದು ತೆಗೆದಿಡುತ್ತದೆ. ಸಾಮಾನ್ಯ ಬಳಕೆದಾರ ಡಿಸ್ಕನ್ನು ಕಂಠಪೂರ್ತಿ ತುಂಬಿಸಿದರೂ ರೂಟ್ ಒಳಗೆ ಬಂದು ಏನಾದರೂ ಮಾಡಲು ಜಾಗ ಇರಲಿ ಎಂದು. ನಮ್ಮ ಕಡೆ ಬೀಜದ ಭತ್ತ ಬೇರೆ ತೆಗೆದಿಡುವ ಹಾಗೆ. ಫೈಲ್‌ಸಿಸ್ಟಮಿನ ಸ್ವಂತ ಖರ್ಚು ಕಳೆಯುವ ಮೊದಲು ಡಿಸ್ಕಿನ ಪೂರ್ತಿ ಅಳತೆ 931 ಜಿಬಿ, ಅದಕ್ಕೆ ಶೇ. 5 ಎಂದರೆ ಹೆಚ್ಚುಕಡಿಮೆ 46. ನಾನು ಒಳಗೆ ಹೋಗಿ ಕೆಲಸ ಮಾಡಲು ಸಾಧ್ಯವಾದದ್ದೇ ಆ ಬೀಜದ ಭತ್ತದಿಂದ. ಇದರಿಂದ ಇನ್ನೊಂದೂ ತಿಳಿಯಿತು: ಡಿಸ್ಕ್ ತುಂಬಿಸಿದ್ದು ರೂಟ್ ಅಲ್ಲ. ರೂಟ್ ತುಂಬಿಸಿದ್ದರೆ ಈ 46 ಕೂಡ ಹೋಗಿರುತ್ತಿತ್ತು. ಅಂದರೆ ಸ್ಟುಡಿಯೊ ಎಂಬ ಹೆಸರಿನ ಬಳಕೆದಾರನದೇ ಕೆಲಸ. ಆದರೆ ಈ ಮಾತು ತಲೆಗೆ ಹೊಳೆದದ್ದು ಮರುದಿನ. ಆ ರಾತ್ರಿ ಹೊಳೆದಿದ್ದರೆ ಒಂದೂವರೆ ಗಂಟೆ ಉಳಿಯುತ್ತಿತ್ತು.

ಡಿಎಫ್ -ಐ ಹೊಡೆದು ಐನೋಡ್ (ಪ್ರತಿ ಫೈಲಿಗೂ ಒಂದು ಬೇಕಾಗುವ ದಾಖಲೆ ಚೀಟಿ) ನೋಡಿದೆ. ಜಾಗ ಇದ್ದೂ ಐನೋಡ್ ಮುಗಿದರೆ ಇದೇ 'ಜಾಗವಿಲ್ಲ' ಎಂಬ ದೂರು ಬರುತ್ತದೆ. ಇಲ್ಲಿ 6 ಕೋಟಿ ಚಿಲ್ಲರೆ ಐನೋಡುಗಳಲ್ಲಿ ಶೇ. 1 ಬಳಕೆಯಾಗಿತ್ತು. ಫೋಟೊ ಸ್ಟುಡಿಯೊದಲ್ಲಿ ಅದು ಮುಗಿಯುವ ಪೈಕಿ ಅಲ್ಲ. ಭಾನುವಾರ ಗಾಳಿ ಮಳೆಗೆ ಕರೆಂಟ್ ಹೋಗಿ ಬಂದಿದೆ ಎಂದು ಭಾವ ಹೇಳಿದ್ದರಿಂದ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಡಿಸ್ಕಿನ ಆರೋಗ್ಯವನ್ನೂ ನೋಡಿದೆ. ಪಾಸ್.

ಸರಿ, ಯಾರು ತಿಂದದ್ದು ಎಂದು ಫೋಲ್ಡರ್‌ವಾರು ಲೆಕ್ಕ ಕೊಡುವ ಡಿಯು ಓಡಿಸಿದೆ. ಸುಡೊ (ಅಂದರೆ ರೂಟ್‌ನ ಅಧಿಕಾರದಲ್ಲಿ) ಡಿಯು -ಎಕ್ಸ್ -ಎಚ್, ಆಳ 1, ಎಲ್ಲ ಫೋಲ್ಡರುಗಳ ಬುಡವಾದ ಬೇರು ಡೈರೆಕ್ಟರಿಯಿಂದ (/), ಕೊನೆಗೆ ಸಾರ್ಟ್ -ಎಚ್. ಇದರಲ್ಲಿ -ಎಕ್ಸ್ ಮುಖ್ಯ. ಅದು ಇಲ್ಲದಿದ್ದರೆ ಡಿಯು ಹೊರಗಿನ ಡಿಸ್ಕಿಗೂ ನುಗ್ಗಿ ಅಲ್ಲಿಯದನ್ನೂ ಸೇರಿಸಿ ಎಣಿಸುತ್ತದೆ. -ಎಕ್ಸ್ ಕೊಟ್ಟರೆ ಹೊರಟ ಫೈಲ್‌ಸಿಸ್ಟಮಿನ ಬೇಲಿ ದಾಟುವುದಿಲ್ಲ. ತಿರುಗುವ ಡಿಸ್ಕು, ಲಕ್ಷಾಂತರ ಫೋಟೊ. ಕಾಫಿ ಮಾಡಿಕೊಂಡು ಬಂದರೂ ಮುಗಿದಿರಲಿಲ್ಲ. ಕೊನೆಗೆ ಬಂತು: ಫೋಟೊಗಳಿರುವ ಹೋಮ್ ಡೈರೆಕ್ಟರಿಯಲ್ಲಿ 498 ಜಿ, ಉಳಿದದ್ದೆಲ್ಲ ಸೇರಿ 14 ಜಿ. ಒಟ್ಟು 512.

ಡಿಎಫ್ 870 ಎನ್ನುತ್ತದೆ. ಡಿಯು 512 ಎನ್ನುತ್ತದೆ. ನಡುವೆ 358 ಜಿಬಿ ಕಾಣೆ.

ನನ್ನ ಅಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ವರ್ಷಕ್ಕೊಮ್ಮೆ ಗೋದಾಮು ಎಣಿಸುವ ದಿನ ಅವರು ಮನೆಗೆ ಬರುವುದು ತಡ. ದಾಸ್ತಾನು ಪುಸ್ತಕದಲ್ಲಿ ರಾಶಿ ಇಷ್ಟು ಚೀಲ, ಚಾಲಿ ಇಷ್ಟು ಚೀಲ ಎಂದು ಇರುತ್ತದೆ. ಗೋದಾಮಿಗೆ ಹೋಗಿ ಒಂದೊಂದೇ ಚೀಲ ಮುಟ್ಟಿ ಎಣಿಸಿದರೆ ಬರುವ ಲೆಕ್ಕ ಬೇರೆ. ಎರಡೂ ತಾಳೆ ಆಗುವವರೆಗೆ ಬೀಗ ಹಾಕುವ ಹಾಗಿಲ್ಲ. ಡಿಎಫ್ ಮತ್ತು ಡಿಯು ಮಾಡುವುದು ಇದನ್ನೇ. ಡಿಎಫ್ ಗೋದಾಮಿಗೆ ಹೋಗುವುದೇ ಇಲ್ಲ, ಫೈಲ್‌ಸಿಸ್ಟಮಿನ ದಾಸ್ತಾನು ಪುಸ್ತಕ ತೆರೆದು ಕೊನೆಯ ಮೊತ್ತ ಓದಿ ಹೇಳುತ್ತದೆ. ಅದಕ್ಕೇ ಅದರ ಉತ್ತರ ಕ್ಷಣದಲ್ಲಿ ಬರುತ್ತದೆ. ಡಿಯು ಮಾತ್ರ ಒಂದೊಂದು ಡೈರೆಕ್ಟರಿಯ ಬಾಗಿಲು ತೆರೆದು, ಒಂದೊಂದು ಫೈಲಿನ ಚೀಲ ಮುಟ್ಟಿ ಕೂಡಿಸಿಕೊಂಡು ಬರುತ್ತದೆ. ಎರಡೂ ಭಾರಿ ಹಳೆಯವು. 1971ರ ಮೊದಲ ಯುನಿಕ್ಸ್ ಕೈಪಿಡಿಯಲ್ಲೇ ಇವೆ. ಐವತ್ತು ವರ್ಷ ದಾಟಿದರೂ ಇಬ್ಬರೂ ಒಬ್ಬರ ಲೆಕ್ಕ ಇನ್ನೊಬ್ಬರಿಗೆ ಹೇಳಿಕೊಳ್ಳುವುದಿಲ್ಲ.

ಅಪ್ಪ ಹೇಳುತ್ತಿದ್ದ ಹಾಗೆ, ಪುಸ್ತಕದಲ್ಲಿ ಇದ್ದು ಗೋದಾಮಿನಲ್ಲಿ ಇಲ್ಲದಿದ್ದರೆ ಚೀಲ ಕಳುವಾಗಿರಬೇಕು, ಇಲ್ಲವೇ ಎಣಿಸುವವನ ಕಣ್ಣಿಗೆ ಬೀಳದ ಕಡೆ ಇರಬೇಕು. ಡಿಸ್ಕಿನಲ್ಲಿ ಕಳವು ಇಲ್ಲ. ಹಾಗಾದರೆ ಕಣ್ಣಿಗೆ ಬೀಳದ ಜಾಗ ಯಾವುದು?

ಇಂಥ ಹೊತ್ತಿಗೆ ಎಲ್ಲರಿಗೂ ಮೊದಲು ಹೊಳೆಯುವುದು ಅಳಿಸಿದರೂ ತೆರೆದೇ ಇರುವ ಫೈಲು. ಲಿನಕ್ಸಿನಲ್ಲಿ ಅಳಿಸುವುದೆಂದರೆ ಡೈರೆಕ್ಟರಿಯಿಂದ ಹೆಸರು ತೆಗೆಯುವುದು ಅಷ್ಟೆ. ಯಾವುದಾದರೂ ಪ್ರೋಗ್ರಾಂ ಆ ಫೈಲನ್ನು ಹಿಡಿದುಕೊಂಡಿದ್ದರೆ, ಅದು ಬಿಡುವ ತನಕ ಜಾಗ ವಾಪಸ್ ಬರುವುದಿಲ್ಲ. ಹೆಸರಿಲ್ಲದ್ದರಿಂದ ಡಿಯು ಕಣ್ಣಿಗೆ ಬೀಳುವುದಿಲ್ಲ, ಪುಸ್ತಕದಲ್ಲಿ ಮಾತ್ರ ಇರುತ್ತದೆ. ಲಕ್ಷಣ ಪೂರ್ತಿ ಹೊಂದುತ್ತಿತ್ತು. ಭಾವ ಅಳಿಸಿದ್ದಾರೆ, ಸಾಂಬಾ (ಡಬ್ಬದ ಫೋಲ್ಡರುಗಳನ್ನು ವಿಂಡೋಸ್ ಯಂತ್ರಕ್ಕೆ ತೋರಿಸುವ ಪ್ರೋಗ್ರಾಂ) ಹಿಡಿದುಕೊಂಡಿದೆ ಎಂದು ತೀರ್ಮಾನಿಸಿಯೇಬಿಟ್ಟೆ. ಅಂಥ ಫೈಲುಗಳ ಪಟ್ಟಿ ಕೊಡುವ ಎಲ್‌ಎಸ್‌ಒಎಫ್ +ಎಲ್1 ಹೊಡೆದೆ, ಇದರಲ್ಲಿ ಎಲ್ ದೊಡ್ಡಕ್ಷರ. ಬಂದದ್ದು ಮೂರು ನಾಲ್ಕು ಚಿಲ್ಲರೆ ಫೈಲು, ಎಲ್ಲ ಸೇರಿ ಒಂದು ಎಂಬಿಯೂ ಇಲ್ಲ. ಕಮಾಂಡು ತಪ್ಪಿರಬೇಕೆಂದು ಮತ್ತೆ ಹೊಡೆದೆ. ಸುಡೊ ಮರೆತಿರಬೇಕೆಂದು ಮೂರನೇ ಸಲ ಹೊಡೆದೆ. ಸಾಂಬಾ ನಿಲ್ಲಿಸಿ ಶುರುಮಾಡಿದೆ. ಡಿಎಫ್ ಅದೇ ಸೊನ್ನೆ.

ಮುಕ್ಕಾಲು ಗಂಟೆಯ ಮೇಲೆ, ಬೇರೇನೂ ತೋಚದೆ ಅಪ್‌ಟೈಮ್ ಹೊಡೆದೆ. ಯಂತ್ರ ಎದ್ದು 9 ಗಂಟೆ ಆಗಿತ್ತು.

"ಭಾವ, ಇವತ್ತು ಮಧ್ಯಾಹ್ನ ಡಬ್ಬ ರೀಸ್ಟಾರ್ಟ್ ಮಾಡಿದಿರಾ?"

"ಹೌದು ಮಾರಾಯ. ಬ್ಯಾಕಪ್ ಡಿಸ್ಕಿನ ಲೈಟೇ ಇರ್ಲಿಲ್ಲ. ಹುಡುಗ ಅದರ ಅಡಾಪ್ಟರ್ ಕಿತ್ತು ಬ್ಯಾಟರಿ ಚಾರ್ಜರ್ ಹಾಕಿದ್ದ. ವಾಪಸ್ ಸಿಕ್ಕಿಸಿ, ಎಲ್ಲ ಸರಿ ಆಗ್ಲಿ ಅಂತ ಒಂದ್ಸಲ ಆಫ್ ಮಾಡಿ ಆನ್ ಮಾಡ್ದೆ. ನೀನು ಕೇಳ್ಲಿಲ್ಲ ಅಲ್ಲ?"

ಕೇಳಿರಲಿಲ್ಲ. ರೀಸ್ಟಾರ್ಟ್ ಆದ ಮೇಲೆ ಯಾವ ಪ್ರೋಗ್ರಾಮೂ ಹಳೆಯ ಫೈಲನ್ನು ಹಿಡಿದುಕೊಂಡಿರಲು ಸಾಧ್ಯವಿಲ್ಲ. ಮುಕ್ಕಾಲು ಗಂಟೆ ಇಲ್ಲದ ಕಳ್ಳನನ್ನು ಹುಡುಕಿದ್ದೆ.

ಆದರೆ ಅವರ ಮಾತಿನಲ್ಲಿ ಅಡಾಪ್ಟರ್ ಎಂಬುದು ಕಿವಿಯಲ್ಲಿ ಉಳಿಯಿತು. ಯಾವಾಗ ಕಿತ್ತದ್ದು ಎಂದು ಕೇಳಿದೆ. ಭಾನುವಾರ ಕರೆಂಟ್ ಹೋದಾಗ ಇರಬೇಕು ಎಂದರು. ಬ್ಯಾಕಪ್ ಸ್ಕ್ರಿಪ್ಟಿನ ಲಾಗ್ ತೆರೆದೆ. ಕೊನೆಯ ಸಾಲು ಮಂಗಳವಾರ ನಸುಕಿನದು, ಅರ್ಧಕ್ಕೇ ತುಂಡಾಗಿತ್ತು. ತುಂಬಿದ ಡಿಸ್ಕಿನಲ್ಲಿ ಲಾಗಿಗೂ ಹೊಸ ಬ್ಲಾಕು ಸಿಗುವುದಿಲ್ಲ. ಹಳೆಯ ಬ್ಲಾಕಿನ ಅಂಚಿನಲ್ಲಿ ಹಿಡಿಸಿದಷ್ಟು ಬರೆದು ನಿಂತಿದೆ. ಉಳಿದ ಅರ್ಧ ಸಾಕಾಗಿತ್ತು: /ಎಂಎನ್‌ಟಿ/ಬ್ಯಾಕಪ್‌ಗೆ ಬರೆಯಲಾಗಲಿಲ್ಲ, ಡಿವೈಸಿನಲ್ಲಿ ಜಾಗವಿಲ್ಲ, ದೋಷ 28.

ಬ್ಯಾಕಪ್ ಡಿಸ್ಕಿನಲ್ಲಿ 1.9 ಟಿ ಖಾಲಿ ಇದೆ. ಅಲ್ಲಿ ಹೇಗೆ ಜಾಗ ಇಲ್ಲ?

ಕುರ್ಚಿಯಿಂದ ಎದ್ದೆ. /ಎಂಎನ್‌ಟಿ/ಬ್ಯಾಕಪ್ ಎನ್ನುವುದು ಡಿಸ್ಕ್ ಅಲ್ಲ, ಒಳಗಿನ ಡಿಸ್ಕಿನ ಮೇಲಿರುವ ಒಂದು ಖಾಲಿ ಡೈರೆಕ್ಟರಿ. ಹೊರಗಿನ ಡಿಸ್ಕನ್ನು ಮೌಂಟ್ ಮಾಡಿದಾಗ ಅದು ಆ ಡೈರೆಕ್ಟರಿಯ ಮೇಲೆ ಬಂದು ಕೂರುತ್ತದೆ. ಅಡಾಪ್ಟರ್ ಕಿತ್ತಿತ್ತು, ಡಿಸ್ಕ್ ಬಂದು ಕೂರಲಿಲ್ಲ. ಸ್ಕ್ರಿಪ್ಟಿಗೆ ಇದೆಲ್ಲ ಗೊತ್ತಿಲ್ಲ. ಅದು ಎಂದಿನಂತೆ 2 ಗಂಟೆಗೆ ಎದ್ದು, ಎದುರಿಗೆ ಸಿಕ್ಕ ಖಾಲಿ ಡೈರೆಕ್ಟರಿಗೆ ಎಲ್ಲವನ್ನೂ ಮೊದಲಿನಿಂದ ನಕಲು ಮಾಡಲು ಶುರುಮಾಡಿದೆ. ಒಳಗಿನ ಡಿಸ್ಕಿನಿಂದ ಒಳಗಿನ ಡಿಸ್ಕಿಗೇ. ಸೋಮವಾರ ಬೆಳಿಗ್ಗೆ ತುಂಬಿದೆ. ಭಾವ 60 ಅಳಿಸಿದ್ದಾರೆ. ಮರುರಾತ್ರಿ ಆರ್‌ಸಿಂಕ್ ಬಿಟ್ಟಲ್ಲಿಂದ ಮುಂದುವರಿಸಿ ಆ ಜಾಗವನ್ನೂ ತುಂಬಿಸಿದೆ. ಮಂಗಳವಾರ ಭಾವ ಅಡಾಪ್ಟರ್ ಸಿಕ್ಕಿಸಿ ರೀಸ್ಟಾರ್ಟ್ ಮಾಡಿದಾಗ ಹೊರಗಿನ ಡಿಸ್ಕು ನೆಟ್ಟಗೆ ಬಂದು ಅದರ ಮೇಲೆ ಕೂತಿದೆ. ಕೆಳಗಿನದೆಲ್ಲ ಮುಚ್ಚಿಹೋಗಿದೆ. ಚಾಪೆ ಹಾಸಿದ ಮೇಲೆ ನೆಲ ಗುಡಿಸುವವನಿಗೆ ಅಡಿಯ ಕಸ ಹೇಗೆ ಕಾಣಬೇಕು?

ಇದನ್ನು ನೋಡಲು ಹೊರಗಿನ ಡಿಸ್ಕನ್ನು ಅನ್‌ಮೌಂಟ್ ಮಾಡಬಹುದು. ಮಾಡದೆಯೂ ನೋಡಬಹುದು, ಬೈಂಡ್ ಮೌಂಟಿನಿಂದ. ಎಂಎನ್‌ಟಿಯ ಒಳಗೆ ಬೇರು ಎಂಬ ಡೈರೆಕ್ಟರಿ ಮಾಡಿದೆ (ರೂಟ್‌ಗೆ ಇನ್ನೇನು ಹೆಸರಿಡಬೇಕು?). ಸುಡೊ ಮೌಂಟ್ --ಬೈಂಡ್, ಮೂಲ /, ಗುರಿ /ಎಂಎನ್‌ಟಿ/ಬೇರು. ಬರೀ ಬೈಂಡ್ ಎಂದರೆ ಆ ಒಂದು ಫೈಲ್‌ಸಿಸ್ಟಂ ಮಾತ್ರ ಇನ್ನೊಂದು ಬಾಗಿಲಿನಿಂದ ಕಾಣುತ್ತದೆ, ಅದರ ಮೇಲೆ ಕೂತ ಬೇರೆ ಡಿಸ್ಕುಗಳು ಜತೆಗೆ ಬರುವುದಿಲ್ಲ. ಆಮೇಲೆ ಡಿಯು -ಎಸ್‌ಎಚ್ /ಎಂಎನ್‌ಟಿ/ಬೇರು/ಎಂಎನ್‌ಟಿ/ಬ್ಯಾಕಪ್.

358 ಜಿ.

ಮಂಡಿಯಲ್ಲಿ ಲೆಕ್ಕ ತಾಳೆಯಾದ ರಾತ್ರಿ ಅಪ್ಪ ಮನೆಗೆ ಬಂದು ಕೈಕಾಲು ತೊಳೆಯುವ ಮೊದಲೇ ಅದನ್ನು ಅಮ್ಮನಿಗೆ ಹೇಳುತ್ತಿದ್ದರು. ನನಗೆ ಹೇಳಲು ಭಾವ ಇದ್ದರು, ಆದರೆ ಅವರಿಗೆ ಬೇಕಾದದ್ದು ಜಾಗ. "ಹಾಗಾದ್ರೆ ಅಳಿಸು, ಮಲಗುವ" ಎಂದರು.

ಅಳಿಸಲಿಲ್ಲ. ಇದೊಂದನ್ನು ಮಾತ್ರ ಆ ರಾತ್ರಿ ಸರಿಯಾಗಿ ಮಾಡಿದೆ ಎನಿಸುತ್ತದೆ. ಅಡಿಯಲ್ಲಿ ಇರುವುದೆಲ್ಲ ಬೇರೆ ಕಡೆಯೂ ಇದೆಯೇ ಎಂದು ನೋಡಲು ಆರ್‌ಸಿಂಕನ್ನೇ -ಎನ್, -ವಿ ಹಾಕಿ ಓಡಿಸಿದೆ. -ಎನ್ ಎಂದರೆ ನಕಲು ಮಾಡದಿರುವುದು, ಜತೆಗೆ -ವಿ ಇದ್ದರೆ, ಮಾಡಿದರೆ ಏನೇನು ಮಾಡುತ್ತಿದ್ದೆ ಎಂದು ಪಟ್ಟಿ ಕೊಡುತ್ತದೆ. ಒಮ್ಮೆ ಹೊರಗಿನ ಡಿಸ್ಕಿನ ಜತೆ ಹೋಲಿಸಿದೆ, ಒಮ್ಮೆ ಹೋಮ್ ಜತೆ. 2019ನೇ ಇಸವಿಯದು ಹೊರಗಿನ ಡಿಸ್ಕಿನಲ್ಲಿ ಭದ್ರವಾಗಿತ್ತು. ಭಾನುವಾರದ ಕೆಲಸ ಹೊರಗಿನ ಡಿಸ್ಕಿನಲ್ಲಿ ಇಲ್ಲ, ಅದು ನಿರೀಕ್ಷಿತ. ಆದರೆ ಒಂದು ಫೋಲ್ಡರ್ ಎರಡೂ ಪಟ್ಟಿಯಲ್ಲಿ ಬಂತು. ಅಂದರೆ ಹೊರಗೂ ಇಲ್ಲ, ಹೋಮ್‌ನಲ್ಲೂ ಇಲ್ಲ. ಹೆಸರು 'ನ್ಯೂ ಫೋಲ್ಡರ್ 2'. ಒಳಗೆ 1,112 ಫೋಟೊ, 9 ಜಿಬಿ.

"ಭಾವ, ನ್ಯೂ ಫೋಲ್ಡರ್ 2 ಅಂದ್ರೆ ಯಾವುದು?"

"ಅದೆಂತದೋ ಡೂಪ್ಲಿಕೇಟು. ನಿನ್ನೆ 2019ರ ಜತೆಗೇ ತೆಗ್ದೆ."

ಒಂದು ಫೋಟೊವನ್ನು ಅವರ ಮೊಬೈಲಿಗೆ ಕಳಿಸಿದೆ. ಕೋಲು ಹಿಡಿದ ವಟು, ಪಕ್ಕದಲ್ಲಿ ಭಿಕ್ಷೆಗೆ ಅಕ್ಕಿ ಹಿಡಿದು ನಿಂತ ಹೆಂಗಸರ ಸಾಲು.

ಆಚೆ ಕಡೆ ಬಹಳ ಹೊತ್ತು ಮಾತಿಲ್ಲ. ಭಾನುವಾರದ ಉಪನಯನ ಅದು. ಸಂಜೆ ಹುಡುಗ ಕಾರ್ಡಿನಿಂದ ಹಾಕಿ ಹೆಸರಿಡದೆ ಬಿಟ್ಟಿದ್ದ. ಕಾರ್ಡುಗಳು ಸೋಮವಾರ ಫಾರ್ಮ್ಯಾಟ್ ಆಗಿ ಒಂದು ಗೃಹಪ್ರವೇಶಕ್ಕೆ ಹೋಗಿಬಂದಿದ್ದವು. ಸಾಂಬಾ ಮೂಲಕ ವಿಂಡೋಸ್‌ನಿಂದ ಅಳಿಸಿದ್ದು ರೀಸೈಕಲ್ ಬಿನ್ನಿಗೆ ಹೋಗುವುದಿಲ್ಲ, ನಾನೂ ಆ ಏರ್ಪಾಡು ಮಾಡಿರಲಿಲ್ಲ. ನಡೆಯುತ್ತಿರುವ ಕೆಲಸದ ಫೋಲ್ಡರಿಗೆ ಪಟ್ಟಿಯಲ್ಲಿ ಮೇಲೆ ಕಾಣಲೆಂದು ಭಾವ 00 ಎಂದು ಹೆಸರಿಟ್ಟಿದ್ದರು. ಆರ್‌ಸಿಂಕ್ ಹೆಸರಿನ ಕ್ರಮದಲ್ಲಿ ಹೋಗುವುದರಿಂದ, ಡಿಸ್ಕ್ ತುಂಬುವ ಮೊದಲೇ, ಎಲ್ಲಕ್ಕಿಂತ ಮುಂಚೆ ಅದನ್ನು ನಕಲು ಮಾಡಿತ್ತು. ತಪ್ಪು ಜಾಗಕ್ಕೆ. ಆ ಉಪನಯನದ ಒಂದೇ ಒಂದು ಪ್ರತಿ ಇದ್ದದ್ದು ಅಲ್ಲಿ, ಚಾಪೆಯ ಅಡಿಯಲ್ಲಿ.

ಅದನ್ನು ಮೊದಲು ಹೊರಗಿನ ಡಿಸ್ಕಿಗೆ ನಕಲು ಮಾಡಿದೆ. ಎಣಿಸಿದೆ, 1,112. ನಾಲ್ಕೈದು ತೆರೆದು ನೋಡಿ ಎಂದು ಭಾವನಿಗೆ ಹೇಳಿದೆ. ಅವರು ಮುನ್ನೂರು ತೆರೆದಿರಬೇಕು.

ಅಳಿಸುವ ಹೊತ್ತಿಗೆ ಕೈ ನಡುಗಿತು. ಅಳಿಸಬೇಕಾದ ದಾರಿ /ಎಂಎನ್‌ಟಿ/ಬೇರು/ಎಂಎನ್‌ಟಿ/ಬ್ಯಾಕಪ್, ಉಳಿಸಬೇಕಾದದ್ದು /ಎಂಎನ್‌ಟಿ/ಬ್ಯಾಕಪ್. ರಾತ್ರಿ ಒಂದು ಗಂಟೆಗೆ, ಒಂದು ಮಾತೂ ಕೇಳದೆ ಎಲ್ಲ ಅಳಿಸುವ ಆರ್‌ಎಂ -ಆರ್‌ಎಫ್ ಮುಂದೆ, ಇವೆರಡರ ನಡುವೆ ನನ್ನನ್ನು ನಾನೇ ನಂಬಲು ತಯಾರಿರಲಿಲ್ಲ. ಇನ್ನೊಂದು ಗಂಟೆಗೆ ಏಳುವ ಸ್ಕ್ರಿಪ್ಟನ್ನು ಕ್ರಾನ್‌ನಲ್ಲಿ ನಿಲ್ಲಿಸಿದೆ. ಹೊರಗಿನ ಡಿಸ್ಕನ್ನು ಅನ್‌ಮೌಂಟ್ ಮಾಡಿದೆ. ಫೈಂಡ್‌ಎಂಎನ್‌ಟಿ /ಎಂಎನ್‌ಟಿ/ಬ್ಯಾಕಪ್ ಎಂದು ಕೇಳಿದೆ, ಉತ್ತರ ಇಲ್ಲ, ಅಂದರೆ ಅಲ್ಲಿ ಯಾವ ಡಿಸ್ಕೂ ಕೂತಿಲ್ಲ. ಅಷ್ಟಕ್ಕೂ ಸಮಾಧಾನವಾಗದೆ, ಈಗ ಯುಎಸ್‌ಬಿ ಕೇಬಲ್ ಕಿತ್ತು ಕೈಯಲ್ಲಿ ಹಿಡಿದುಕೊಳ್ಳಿ ಎಂದು ಭಾವನಿಗೆ ಹೇಳಿದೆ. ಎಲ್‌ಎಸ್‌ಬಿಎಲ್‌ಕೆ ಹೊಡೆದರೆ 931.5 ಜಿಯ ಒಂದೇ ಡಿಸ್ಕು, 3.6 ಟಿ ಮಾಯ. ಆಮೇಲೆ ಅಳಿಸಿದೆ. ಮುಗಿಯಲು ಕೆಲವು ನಿಮಿಷ ಹಿಡಿಯಿತು.

ಡಿಎಫ್ -ಎಚ್: ಬಳಸಿದ್ದು 512 ಜಿ, ಉಳಿದದ್ದು 358 ಜಿ, ಶೇ. 59. ಪುಸ್ತಕವೂ ಗೋದಾಮೂ ಒಂದೇ ಮಾತು ಹೇಳಿದವು.

ತಪ್ಪಿನಲ್ಲಿ ಹುಡುಗನ ಪಾಲು ಚಾರ್ಜರಿನಷ್ಟು ಮಾತ್ರ. ಉಳಿದದ್ದು ನನ್ನದು. ಯಾವ ಡಿಸ್ಕು ಎಲ್ಲಿ ಕೂರಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್‌ನಲ್ಲಿ, ಡಿಸ್ಕ್ ಸಿಗದಿದ್ದರೂ ಯಂತ್ರ ಏಳಲಿ ಎಂದು, ಬ್ಯಾಕಪ್ ಡಿಸ್ಕಿನ ಸಾಲಿಗೆ ನೋಫೇಲ್ ಎಂದು ಹಾಕಿದ್ದೆ. ಅದಿಲ್ಲದಿದ್ದ ಕಾಲದಲ್ಲಿ ಒಮ್ಮೆ ಡಿಸ್ಕ್ ಸಿಗದೆ, ಡಬ್ಬ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತು, ನಾನು ರಾತ್ರಿ ಬಸ್ಸಿಗೆ ಸಾಗರಕ್ಕೆ ಹೋಗಬೇಕಾಗಿತ್ತು. ನೋಫೇಲ್ ಇಟ್ಟದ್ದಕ್ಕೆ ಬೇಸರವಿಲ್ಲ. ಬೇಸರ ಇನ್ನೊಂದಕ್ಕೆ. ಡಿಸ್ಕ್ ಮೌಂಟ್ ಮಾಡುವ ಮೊದಲೇ, ಖಾಲಿ ಡೈರೆಕ್ಟರಿಯ ಮೇಲೆ ಚೌನ್ ಮಾಡಿ ಅದನ್ನು ಸ್ಟುಡಿಯೊ ಬಳಕೆದಾರನಿಗೆ ಬರೆದುಕೊಟ್ಟಿದ್ದೆ. ಮೌಂಟ್ ಆದ ಮೇಲೆ ಮಾಡಿದ್ದರೆ ಆ ಹಕ್ಕು ಹೊರಗಿನ ಡಿಸ್ಕಿಗೆ ಮಾತ್ರ ಹೋಗುತ್ತಿತ್ತು. ಅಡಿಯ ಡೈರೆಕ್ಟರಿ ರೂಟ್‌ನದಾಗಿಯೇ ಉಳಿದು, ಆರ್‌ಸಿಂಕ್ ಮೊದಲ ಫೈಲಿನಲ್ಲೇ ಅನುಮತಿ ಇಲ್ಲ ಎಂದು ಬಿದ್ದುಹೋಗುತ್ತಿತ್ತು. ಹಾಗೆ ಆಗಿದ್ದರೆ ಉಪನಯನವೂ ಹೋಗುತ್ತಿತ್ತು ಎಂದು ಭಾವ ಈಗ ವಾದಿಸುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಡಿಸ್ಕ್ ಹೊರಗೇ ಇದ್ದಾಗ, ಖಾಲಿ ಡೈರೆಕ್ಟರಿಗೆ ಚಾಟರ್ +ಐ ಹಾಕಿದೆ. ಇನ್ನು ಅದರೊಳಗೆ ರೂಟ್ ಕೂಡ ಬರೆಯುವ ಹಾಗಿಲ್ಲ, ಮೇಲೆ ಡಿಸ್ಕ್ ಬಂದು ಕೂರಲು ಮಾತ್ರ ಅಡ್ಡಿ ಇಲ್ಲ. ಸ್ಕ್ರಿಪ್ಟಿನ ಮೊದಲ ಸಾಲಿಗೆ ಮೌಂಟ್‌ಪಾಯಿಂಟ್ -ಕ್ಯೂ ಸೇರಿಸಿದೆ: ಡಿಸ್ಕ್ ಬಂದು ಕೂತಿಲ್ಲದಿದ್ದರೆ ಅಲ್ಲೇ ನಿಲ್ಲು, ನನಗೆ ಮೇಲ್ ಕಳಿಸು. ಭಾವ ಕೇಬಲ್ ಸಿಕ್ಕಿಸಿದ ಮೇಲೆ ಹೊರಗಿನ ಡಿಸ್ಕಿನ ಬೀಜದ ಭತ್ತವನ್ನು ಟ್ಯೂನ್2ಎಫ್‌ಎಸ್‌ನಿಂದ ಶೇ. 5ರಿಂದ 1ಕ್ಕೆ ಇಳಿಸಿದೆ. ಅದರಲ್ಲಿ ಫೋಟೊ ಬಿಟ್ಟು ಬೇರೇನೂ ಇಲ್ಲ, ಹೆಚ್ಚುಕಡಿಮೆ 150 ಜಿಬಿ ಸುಮ್ಮನೆ ಕೂತಿತ್ತು. ಒಳಗಿನ ಡಿಸ್ಕಿನದನ್ನು ಮುಟ್ಟಲಿಲ್ಲ. 2019ನ್ನೂ ಉಪನಯನವನ್ನೂ ಹೋಮ್‌ಗೆ ವಾಪಸ್ ತಂದು ಮಲಗುವಾಗ ಮೂರು ದಾಟಿತ್ತು.

ಮಲಗುವ ಮೊದಲು ಭಾವನಿಗೆ ಒಂದೇ ಮಾತು ಹೇಳಿದ್ದೆ: ಆ ಫೋಲ್ಡರಿಗೆ ಒಂದು ಹೆಸರಿಡಿ.

ಮರುದಿನ ಸಂಜೆ ಬ್ಯಾಕಪ್ ಸರಿ ಆಗಿದೆಯೇ ನೋಡಲು ಒಳಗೆ ಹೋದೆ. 00ರ ಒಳಗೆ ಅವರ ಕೈಯಾರೆ ಇಟ್ಟ ಹೆಸರು, ವಟುವಿನ ಊರು, ದಿನಾಂಕ ಎಲ್ಲ ಚೊಕ್ಕವಾಗಿ ಇತ್ತು. ಅದರ ಕೆಳಗೆ, ಅರ್ಧ ಗಂಟೆಯ ಹಿಂದೆ ಹುಟ್ಟಿದ 'ನ್ಯೂ ಫೋಲ್ಡರ್ 3'.